ವಾಲ್ಡೆಮರ್ ಹಾಫ್‌ಕಿನ್ (1860–1930): ಕಾಲರಾ ಮತ್ತು ಪ್ಲೇಗ್ ಲಸಿಕೆಗಳ ನಿರ್ಮಾತೃವಿನ ಜೀವನ ಪರಿಚಯ

ಸಾರ್ವಜನಿಕರ ಮಾಹಿತಿಗಾಗಿ

ಲಸಿಕೆ ಹಾಕಿಸಿಕೊಳ್ಳಲು, ಲಸಿಕಾ ಪ್ರಮಾಣಪತ್ರ ಪಡೆಯಲು ಅಥವಾ ಆರೋಗ್ಯ ಸಂಬಂಧಿ ಇತರ ಸೇವೆಗಳಿಗೆ ಅರ್ಜಿ ಸಲ್ಲಿಸಲು ಬರುವ ನಾಗರಿಕರಲ್ಲಿ ಅನೇಕರಿಗೆ ಈ ವ್ಯವಸ್ಥೆಯು ಹೇಗೆ ಪ್ರಾರಂಭವಾಯಿತೆಂಬುದು ತಿಳಿದಿರುವುದಿಲ್ಲ. ಸಿಡುಬಿನ ಲಸಿಕೆಯನ್ನು ಹೊರತುಪಡಿಸಿದರೆ, ಭಾರತದಲ್ಲಿ ಬೃಹತ್ ಪ್ರಮಾಣದಲ್ಲಿ ತಯಾರಾಗಿ ಸಾಮಾನ್ಯ ಜನರಿಗೆ ದೊರೆತ ಮೊದಲ ಲಸಿಕೆಗಳು ಕಾಲರಾ ಮತ್ತು ಪ್ಲೇಗ್ ರೋಗಗಳಿಗೆ ಸಂಬಂಧಿಸಿದವು. ಇವೆರಡನ್ನೂ ಸಿದ್ಧಪಡಿಸಿದವರು ಒಬ್ಬರೇ. ಅವರು ವೈದ್ಯರಲ್ಲ, ಭಾರತೀಯರಲ್ಲ, ಆಂಗ್ಲರೂ ಅಲ್ಲ. ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ, ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿ, ಪ್ಯಾರಿಸ್ ನಗರದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿತ ವಾಲ್ಡೆಮರ್ ಮೊರ್ದೆಕೈ ಹಾಫ್‌ಕಿನ್ ಅವರ ಜೀವನ ಹಾಗೂ ಸಾಧನೆಯ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಅವರ ಲಸಿಕೆಯು ನಮ್ಮ ಹುಬ್ಬಳ್ಳಿ ನಗರದಲ್ಲಿ ಎದುರಿಸಿದ ಪರೀಕ್ಷೆಯ ವಿವರವೂ ಇದರಲ್ಲಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಒಡೆಸ್ಸಾ ಇಂದು ಉಕ್ರೇನ್ ದೇಶಕ್ಕೆ ಸೇರಿದೆ. ಅವರ ಶಾಲಾ ಶಿಕ್ಷಣವು ಬೆರ್ದ್ಯಾನ್ಸ್ಕ್ ಪಟ್ಟಣದಲ್ಲಿ ನಡೆಯಿತು. 1879ರಲ್ಲಿ ಅವರು ಒಡೆಸ್ಸಾದ ನೊವೊರೊಸ್ಸಿಸ್ಕ್ ವಿಶ್ವವಿದ್ಯಾನಿಲಯದ ನಿಸರ್ಗ ವಿಜ್ಞಾನ ವಿಭಾಗವನ್ನು ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಇಲ್ಯಾ ಮೆಚ್ನಿಕಾಫ್. ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ಕಬಳಿಸಿ ಶರೀರವನ್ನು ರಕ್ಷಿಸುತ್ತವೆಂಬುದನ್ನು ಮುಂದೆ ತೋರಿಸಿಕೊಟ್ಟು 1908ರಲ್ಲಿ ನೊಬೆಲ್ ಪ್ರಶಸ್ತಿಗೆ ಭಾಜನರಾದವರು ಇವರೇ. ಒಬ್ಬ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ಗುರು ದೊರೆಯುವುದು ಅಪರೂಪ.

ಆದರೆ ಕಾಲವು ವ್ಯಾಸಂಗಕ್ಕೆ ಅನುಕೂಲಕರವಾಗಿರಲಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಅವರ ಹತ್ಯೆಯಾದ ನಂತರ ಯಹೂದಿಗಳ ಮೇಲೆ ಹಲವು ನಗರಗಳಲ್ಲಿ ಗುಂಪು ದಾಳಿಗಳು ನಡೆದವು. ಯಹೂದಿ ಬಡಾವಣೆಗಳನ್ನು ಕಾಯಲು ರಚನೆಯಾದ ಆತ್ಮರಕ್ಷಣಾ ಪಡೆಯಲ್ಲಿ ಹಾಫ್‌ಕಿನ್ ಸೇರಿದ್ದರು. ಈ ಸಂಬಂಧ ಅವರು ಗಾಯಗೊಂಡು ಬಂಧನಕ್ಕೂ ಒಳಗಾದರು. ಮೆಚ್ನಿಕಾಫ್ ಅವರ ಮಧ್ಯಸ್ಥಿಕೆಯಿಂದ ಬಿಡುಗಡೆಯಾಯಿತು. ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಸರ್ಕಾರದ ಹಸ್ತಕ್ಷೇಪವನ್ನು ಸಹಿಸದೆ ಮೆಚ್ನಿಕಾಫ್ ಅವರೇ 1882ರಲ್ಲಿ ರಾಜೀನಾಮೆ ನೀಡಿ ಹೊರನಡೆದರು. ಶಿಷ್ಯನು ಹೊರಹಾಕಲ್ಪಟ್ಟು, ಪುನಃ ಪ್ರವೇಶ ಪಡೆದು, ಹೇಗೋ ಪದವಿಯನ್ನು ಪೂರೈಸಿದರು.

ಪದವಿ ದೊರೆತರೂ ಅಧ್ಯಾಪಕ ಹುದ್ದೆ ದೊರೆಯಲಿಲ್ಲ. ಯಹೂದಿಗಳಿಗೆ ಅಂತಹ ಹುದ್ದೆ ಮುಚ್ಚಿದ ಬಾಗಿಲಾಗಿತ್ತು. ರಷ್ಯಾದ ಅಧಿಕೃತ ಕ್ರೈಸ್ತ ಪಂಥಕ್ಕೆ ಮತಾಂತರ ಹೊಂದಿದರೆ ಬಾಗಿಲು ತೆರೆಯುತ್ತಿತ್ತು. ಹಾಫ್‌ಕಿನ್ ಅವರು ಅದಕ್ಕೆ ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಾ, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳ ಅಧ್ಯಯನವನ್ನು 1888ರವರೆಗೆ ಮುಂದುವರಿಸಿದರು. ಅನಂತರ ಸ್ವದೇಶವನ್ನು ತೊರೆದು ಜಿನೀವಾಕ್ಕೆ ತೆರಳಿ ಅಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಸಹಾಯಕರಾದರು.

ಪ್ಯಾರಿಸ್‌ನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಕಲಿಕೆ

ಇಂದು ವೈದ್ಯಕೀಯ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರವು ಕಡ್ಡಾಯ ವಿಷಯವಾಗಿದ್ದು, ಅದರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆಯಬಹುದಾಗಿದೆ. 1880ರ ದಶಕದಲ್ಲಿ ಈ ಶಾಸ್ತ್ರಕ್ಕೆ ಪಠ್ಯಕ್ರಮವೇ ಇನ್ನೂ ರೂಪುಗೊಳ್ಳುತ್ತಿತ್ತು. ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಅವರು ಲೋಕಕ್ಕೆ ತಿಳಿಸಿದ್ದು 1882ರಲ್ಲಿ. ಕಾಲರಾ ರೋಗಾಣುವಿನ ಬಗ್ಗೆ ಅವರು ಈಜಿಪ್ಟ್ ಮತ್ತು ಕಲ್ಕತ್ತಾಗಳಲ್ಲಿ ಸಂಶೋಧನೆ ನಡೆಸಿದ್ದು 1883–84ರಲ್ಲಿ. ಹೊಸ ವಿದ್ಯೆಯನ್ನು ಕಲಿಯಬೇಕೆಂದವರು ಬರ್ಲಿನ್‌ಗೆ ಇಲ್ಲವೇ ಪ್ಯಾರಿಸ್‌ಗೆ ಹೋಗಬೇಕಾಗಿತ್ತು.

ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯು 1888ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮರುವರ್ಷವೇ ಅಲ್ಲಿ ಎಮಿಲ್ ರೂ ಅವರ ನೇತೃತ್ವದಲ್ಲಿ ಸೂಕ್ಷ್ಮಜೀವಿ ತಂತ್ರದ ಶಿಕ್ಷಣಕ್ರಮವು ಪ್ರಾರಂಭವಾಯಿತು. ಉಪನ್ಯಾಸಗಳ ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವತಃ ಮಾಂಸದ ಸಾರನ್ನು ಸಿದ್ಧಪಡಿಸಿ, ಅದನ್ನು ಕ್ರಿಮಿಶುದ್ಧಿಗೊಳಿಸಿ, ಅದರಲ್ಲಿ ರೋಗಾಣುಗಳನ್ನು ಬೆಳೆಸಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಗುರುತಿಸಬೇಕಾಗಿತ್ತು. ಪುಸ್ತಕದಿಂದ ಬರುವ ವಿದ್ಯೆ ಇದಾಗಿರಲಿಲ್ಲ. ಕೈಯಿಂದ ಕಲಿಯಬೇಕಾದ ವಿದ್ಯೆಯಾಗಿತ್ತು. ನಾನಾ ದೇಶಗಳ ವೈದ್ಯರು ಇಲ್ಲಿಗೆ ಬಂದರು. ಮೆಚ್ನಿಕಾಫ್ ಅವರೂ ಆ ವೇಳೆಗೆ ಇದೇ ಸಂಸ್ಥೆಯನ್ನು ಸೇರಿದ್ದರು. 1889ರಲ್ಲಿ ಹಾಫ್‌ಕಿನ್ ಅವರು ತಮ್ಮ ಗುರುವನ್ನು ಅರಸಿ ಅಲ್ಲಿಗೆ ಬಂದಾಗ ಖಾಲಿ ಇದ್ದ ಹುದ್ದೆ ಗ್ರಂಥಾಲಯದ ಸಹಾಯಕನದು ಮಾತ್ರ. ಅದನ್ನೇ ಒಪ್ಪಿಕೊಂಡು, ಉಳಿದ ವೇಳೆಯನ್ನು ಪ್ರಯೋಗಾಲಯದಲ್ಲಿ ಕಳೆಯತೊಡಗಿದರು.

ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿಯ ಕೋಶಕೇಂದ್ರದೊಳಗೆ ವಾಸಿಸುವ ಸೂಕ್ಷ್ಮ ಪರಾವಲಂಬಿಗಳನ್ನು ಅವರು ವಿವರಿಸಿ 1890ರಲ್ಲಿ ಪ್ರಕಟಿಸಿದರು. ಅವುಗಳಿಗೆ ಅವರು ಇಟ್ಟ ಹೋಲೋಸ್ಪೋರಾ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಲಸಿಕೆಗಳಿಂದಾಗಿಯೇ ಅವರನ್ನು ಬಲ್ಲವರು ಈ ಕಿರು ಅಧ್ಯಯನವನ್ನು ಮರೆತುಬಿಡುವುದುಂಟು. ಆದರೆ ಒಂದು ಜೀವಿಯ ಒಳಗೆ ಮತ್ತೊಂದು ಜೀವಿ ಹೇಗೆ ಬೆಳೆಯುತ್ತದೆ, ಆಶ್ರಯ ಬದಲಾದಂತೆ ಅದರ ಬಲ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯು ಅವರಲ್ಲಿ ಬೇರೂರಿದ್ದು ಇಂತಹ ಕೆಲಸಗಳಿಂದಲೇ ಎಂದು ಭಾವಿಸಲು ಅವಕಾಶವಿದೆ. ಅದೇ ವರ್ಷ ಅಲೆಕ್ಸಾಂಡರ್ ಯೆರ್ಸಿನ್ ಅವರು ಸಂಸ್ಥೆಯನ್ನು ಬಿಟ್ಟು ದೂರಪ್ರಾಚ್ಯಕ್ಕೆ ಹೊರಟುದರಿಂದ ರೂ ಅವರ ಸಹಾಯಕನ ಸ್ಥಾನವು ಹಾಫ್‌ಕಿನ್ ಅವರಿಗೆ ದೊರೆಯಿತು. ಯೆರ್ಸಿನ್ ಅವರು ಮುಂದೆ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ರೋಗಾಣುವನ್ನು ಪತ್ತೆಹಚ್ಚಿದರು. ಅವರ ಜಾಗಕ್ಕೆ ಬಂದವರು ಅದೇ ರೋಗಾಣುವಿನಿಂದ ಲಸಿಕೆ ತಯಾರಿಸಿದರು.

ಕಾಲರಾ ಲಸಿಕೆ

ಕಾಲರಾ ರೋಗಕ್ಕೆ ಚುಚ್ಚುಮದ್ದು ನೀಡಿದವರಲ್ಲಿ ಹಾಫ್‌ಕಿನ್ ಮೊದಲಿಗರಲ್ಲ. ಸ್ಪೇನ್ ದೇಶದ ಹೈಮೆ ಫೆರಾನ್ ಅವರು 1885ರಲ್ಲಿಯೇ ಜೀವಂತ ರೋಗಾಣುಗಳ ಚುಚ್ಚುಮದ್ದನ್ನು ಸಾವಿರಾರು ಜನರಿಗೆ ನೀಡಿದ್ದರು. ಆದರೆ ಅವರ ದ್ರಾವಣದ ಬಲವು ಒಂದೊಂದು ಸಲ ಒಂದೊಂದು ರೀತಿ ಇರುತ್ತಿದ್ದುದರಿಂದ ವಿಜ್ಞಾನಿಗಳ ವಿಶ್ವಾಸವನ್ನು ಗಳಿಸಲಿಲ್ಲ. ಹಾಫ್‌ಕಿನ್ ಅವರು ಕೈಗೆತ್ತಿಕೊಂಡದ್ದು ಈ ಸಮಸ್ಯೆಯನ್ನೇ. ರೋಗಾಣುವನ್ನು ಗಿನಿಪಿಗ್‌ಗಳ ಉದರದಲ್ಲಿ ಒಂದರಿಂದ ಮತ್ತೊಂದಕ್ಕೆ ಸತತವಾಗಿ ದಾಟಿಸುತ್ತಾ ಹೋದಂತೆ ಅದರ ತೀವ್ರತೆಯು ಹೆಚ್ಚುತ್ತಾ ಒಂದು ಮಟ್ಟದಲ್ಲಿ ಸ್ಥಿರವಾಗುವುದನ್ನು ಅವರು ಕಂಡುಕೊಂಡರು. ಅದೇ ರೋಗಾಣುವನ್ನು 39 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿ ಹಾಯಿಸುತ್ತಾ ಬೆಳೆಸಿದರೆ ಅದು ದುರ್ಬಲವಾಗುತ್ತಿತ್ತು. ಮೊದಲು ದುರ್ಬಲವಾದುದನ್ನು, ಕೆಲವು ದಿನಗಳ ನಂತರ ತೀವ್ರವಾದುದನ್ನು ಚರ್ಮದ ಅಡಿಯಲ್ಲಿ ನೀಡುವುದು ಅವರ ಪದ್ಧತಿ.

ಪ್ರಾಣಿಗಳ ಮೇಲಿನ ಪ್ರಯೋಗ ಮುಗಿದ ಮೇಲೆ, 1892ರ ಜುಲೈ 18ರಂದು ಅವರು ಈ ಚುಚ್ಚುಮದ್ದನ್ನು ತಮಗೇ ಹಾಕಿಸಿಕೊಂಡರು. ಜ್ವರ ಮತ್ತು ನೋವು ಕಾಣಿಸಿಕೊಂಡು ಕಡಿಮೆಯಾದವು. ಅವರ ಮೂವರು ರಷ್ಯನ್ ಸ್ನೇಹಿತರೂ ಮುಂದೆ ಬಂದರು. ಅದೇ ತಿಂಗಳ ಕೊನೆಯಲ್ಲಿ ಫಲಿತಾಂಶವನ್ನು ಪ್ಯಾರಿಸ್‌ನ ಜೀವವಿಜ್ಞಾನ ಸಂಘಕ್ಕೆ ವರದಿ ಮಾಡಲಾಯಿತು. ಲಸಿಕೆಯು ಹಾನಿಕರವಲ್ಲವೆಂಬುದು ಇದರಿಂದ ಸಿದ್ಧವಾಯಿತೇ ಹೊರತು ರೋಗವನ್ನು ತಡೆಯುವುದೆಂಬುದು ಸಿದ್ಧವಾಗಲಿಲ್ಲ. ಅದಕ್ಕೆ ಕಾಲರಾ ನಿರಂತರವಾಗಿರುವ ನಾಡು ಬೇಕಾಗಿತ್ತು. ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಸಹಾಯದಿಂದ ಭಾರತಕ್ಕೆ ಬರಲು ಅನುಮತಿ ದೊರೆಯಿತು.

1893ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತಾಕ್ಕೆ ಬಂದ ಹಾಫ್‌ಕಿನ್ ಅವರು ಏಪ್ರಿಲ್‌ನಲ್ಲಿ ಆಗ್ರಾದಿಂದ ಕಾರ್ಯವನ್ನು ಪ್ರಾರಂಭಿಸಿ, ಸುಮಾರು ಎರಡೂವರೆ ವರ್ಷಗಳಲ್ಲಿ ಉತ್ತರ ಭಾರತ, ಬಂಗಾಳ ಮತ್ತು ಅಸ್ಸಾಂಗಳಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ನೀಡಿದರು. ಸೈನ್ಯದ ತುಕಡಿಗಳು, ಚಹಾ ತೋಟಗಳ ಕೂಲಿಗಳು, ಸೆರೆಮನೆಗಳ ಬಂದಿಗಳು ಇವರಲ್ಲಿ ಸೇರಿದ್ದರು. ಯಾರನ್ನೂ ಬಲವಂತಪಡಿಸಬಾರದೆಂಬುದು ಅವರ ನಿಯಮವಾಗಿತ್ತು. 1894ರಲ್ಲಿ ಕಲ್ಕತ್ತಾದ ಆರೋಗ್ಯಾಧಿಕಾರಿ ಸಿಂಪ್ಸನ್ ಅವರ ಆಹ್ವಾನದ ಮೇರೆಗೆ ಅಲ್ಲಿನ ಕೊಳೆಗೇರಿಗಳಲ್ಲಿ ಕೆಲಸ ನಡೆಯಿತು. ಕಟ್ಟಾಲ್ ಬಾಗಾನ್ ಎಂಬ ಕೇರಿಯ ಸುಮಾರು 200 ನಿವಾಸಿಗಳಲ್ಲಿ 116 ಜನ ಲಸಿಕೆ ಪಡೆದರು. ಆ ಮೇಲೆ ಅಲ್ಲಿ ಕಾಲರಾ ಮರುಕಳಿಸಿದಾಗ ಲಸಿಕೆ ಪಡೆಯದವರೇ ರೋಗಕ್ಕೆ ತುತ್ತಾದರು. ಒಂದೇ ಬಾವಿ, ಒಂದೇ ಕೆರೆಯ ನೀರನ್ನು ಬಳಸುವವರ ನಡುವೆ ಇಂತಹ ಹೋಲಿಕೆಯನ್ನು ದಾಖಲಿಸಿದ್ದು ಅವರ ವಿಧಾನದ ವಿಶೇಷ.

ಮುಂಬಯಿಯಲ್ಲಿ ಪ್ಲೇಗ್

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗ್ ಇರುವುದು ದೃಢಪಟ್ಟಿತು. ಜನರು ಗುಂಪು ಗುಂಪಾಗಿ ನಗರವನ್ನು ತೊರೆದರು. ರೈಲುಗಳ ಮೂಲಕ ರೋಗವು ಒಳನಾಡಿಗೆ ಹರಡಿತು. ಮುಂದಿನ ಎರಡು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಈ ರೋಗದಿಂದ ಮೃತಪಟ್ಟರು. ಇಲಿಗಳ ಮೇಲಿರುವ ಚಿಗಟಗಳಿಂದ ರೋಗವು ಮನುಷ್ಯರಿಗೆ ಬರುತ್ತದೆಂಬುದು ಆಗ ತಿಳಿದಿರಲಿಲ್ಲ. ಫ್ರಾನ್ಸ್‌ನ ಪಾಲ್-ಲೂಯಿ ಸಿಮಾಂಡ್ ಅವರು ಕರಾಚಿಯಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ, ಅದು ಎಲ್ಲರ ಒಪ್ಪಿಗೆ ಪಡೆಯಲು ಇನ್ನೂ ಹಲವು ವರ್ಷಗಳು ಹಿಡಿದವು. ಮನೆಗಳ ತಪಾಸಣೆ, ರೋಗಿಗಳ ಬಲವಂತದ ಪ್ರತ್ಯೇಕತೆ, ಸಾಮಾನುಗಳ ದಹನ, ಪ್ರಯಾಣಿಕರ ತಡೆ ಇವೇ ಸರ್ಕಾರದ ಕ್ರಮಗಳಾಗಿದ್ದವು. ಈ ಕ್ರಮಗಳು ಜನರಲ್ಲಿ ರೋಗಕ್ಕಿಂತಲೂ ಹೆಚ್ಚಿನ ಭೀತಿಯನ್ನು ಮೂಡಿಸಿದವು. ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ 1897ರ ಜೂನ್ 22ರಂದು ಚಾಫೇಕರ್ ಸಹೋದರರು ಗುಂಡು ಹಾರಿಸಿದ್ದು ಇದೇ ಹಿನ್ನೆಲೆಯಲ್ಲಿ.

ಸರ್ಕಾರದ ಕೋರಿಕೆಯಂತೆ ಹಾಫ್‌ಕಿನ್ ಅವರು 1896ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೊಠಡಿ, ಅದರ ಮುಂದಿನ ಓಣಿ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು, ಇಷ್ಟೇ ಅವರಿಗೆ ಒದಗಿಸಲಾದ ಸೌಲಭ್ಯ.

ಲಸಿಕೆ ತಯಾರಿಕೆಯ ವಿವರವು ನಮ್ಮ ಓದುಗರಿಗೆ ಆಸಕ್ತಿದಾಯಕವಾಗಬಹುದು. ಯುರೋಪಿನ ಪ್ರಯೋಗಾಲಯಗಳಲ್ಲಿ ರೋಗಾಣುಗಳನ್ನು ಬೆಳೆಸಲು ಸಾಮಾನ್ಯವಾಗಿ ದನದ ಮಾಂಸದ ಸಾರನ್ನು ಬಳಸುತ್ತಿದ್ದರು. ಈ ನಾಡಿನ ಜನರ ಧಾರ್ಮಿಕ ಭಾವನೆಗಳನ್ನು ಗಮನಿಸಿ ಹಾಫ್‌ಕಿನ್ ಅವರು ಆಡಿನ ಮಾಂಸದ ಸಾರನ್ನು ಬಳಸಿದರು. ಆ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡಲಾಗುತ್ತಿತ್ತು. ಪ್ಲೇಗ್ ರೋಗಾಣುಗಳು ಆ ಹನಿಗಳ ಅಡಿಯಿಂದ ಬಿಳಲುಗಳಂತೆ ಕೆಳಕ್ಕೆ ಇಳಿಬೀಳುತ್ತಾ ಬೆಳೆಯುತ್ತಿದ್ದವು. ಪಾತ್ರೆಯನ್ನು ಅಲುಗಿಸಿದರೆ ಬಿಳಲುಗಳು ಕಳಚಿ ತಳಕ್ಕೆ ಬಿದ್ದು, ಮತ್ತೆ ಹೊಸ ಬಿಳಲುಗಳು ಇಳಿಯುತ್ತಿದ್ದವು. ಈ ಲಕ್ಷಣದಿಂದ ಬೇರೆ ರೋಗಾಣು ಬೆರೆತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲೂ ಸಾಧ್ಯವಾಗುತ್ತಿತ್ತು. ಹಲವು ವಾರಗಳ ಬೆಳವಣಿಗೆಯ ನಂತರ ದ್ರಾವಣವನ್ನು ಸುಮಾರು 65ರಿಂದ 70 ಡಿಗ್ರಿ ಉಷ್ಣತೆಯಲ್ಲಿ ಒಂದು ಗಂಟೆ ಕಾಯಿಸಿ ರೋಗಾಣುಗಳನ್ನು ಸಾಯಿಸಲಾಗುತ್ತಿತ್ತು. ಕೆಡದಂತೆ ರಕ್ಷಿಸಲು ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಲಾಗುತ್ತಿತ್ತು. ಕಾಲರಾ ಲಸಿಕೆಯಲ್ಲಿದ್ದಂತೆ ಜೀವಂತ ರೋಗಾಣು ಇದರಲ್ಲಿರಲಿಲ್ಲ.

ಮೂರು ತಿಂಗಳೊಳಗೆ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅವರು 10 ಘನ ಸೆಂಟಿಮೀಟರ್ ಪ್ರಮಾಣವನ್ನು ತಮ್ಮ ಶರೀರಕ್ಕೆ ಚುಚ್ಚಿಸಿಕೊಂಡರು. ಮುಂದೆ ಸಾರ್ವಜನಿಕರಿಗೆ ನೀಡಲಾದ ಪ್ರಮಾಣಕ್ಕಿಂತ ಇದು ಮೂರು ಪಟ್ಟಿಗೂ ಅಧಿಕ. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸ್ವಇಚ್ಛೆಯಿಂದ ಮುಂದೆ ಬಂದ ಬಂದಿಗಳಿಗೆ ಲಸಿಕೆ ನೀಡಲಾಯಿತು. ನಂತರದ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಜನರಿಗೆ ರೋಗ ತಗುಲಿ 6 ಜನ ಮೃತಪಟ್ಟರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಇಬ್ಬರೂ ಉಳಿದರು. ಮುಂಬಯಿಯ ಖೋಜಾ ಸಮುದಾಯದ ಧರ್ಮಗುರು ಆಗಾ ಖಾನ್ ಅವರು ಜನರ ಸಮ್ಮುಖದಲ್ಲಿ ಲಸಿಕೆ ಹಾಕಿಸಿಕೊಂಡು, ಪ್ರಯೋಗಾಲಯಕ್ಕೆ ಕಟ್ಟಡವನ್ನೂ ಒದಗಿಸಿ, ತಮ್ಮ ಅನುಯಾಯಿಗಳ ಹಿಂಜರಿಕೆಯನ್ನು ದೂರಮಾಡಿದರು.

1898ರ ಆರಂಭದಲ್ಲಿ ಬರೋಡಾ ಬಳಿಯ ಉಂಢೇರಾ ಗ್ರಾಮದಲ್ಲಿ ನಡೆದ ಪರೀಕ್ಷೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಪ್ಲೇಗ್ ಹಬ್ಬಿದ್ದ ಆ ಗ್ರಾಮದಲ್ಲಿ ಪ್ರತಿ ಕುಟುಂಬದ ಸುಮಾರು ಅರ್ಧದಷ್ಟು ಸದಸ್ಯರಿಗೆ ಲಸಿಕೆ ನೀಡಲಾಯಿತು. ಆ ಕುಟುಂಬಗಳಲ್ಲಿ ಲಸಿಕೆ ಪಡೆದ 71 ಜನರಲ್ಲಿ 8 ಜನರಿಗೆ ರೋಗ ಬಂದು 3 ಜನ ಮೃತಪಟ್ಟರು. ಪಡೆಯದ 64 ಜನರಲ್ಲಿ 27 ಜನರಿಗೆ ರೋಗ ಬಂದು 26 ಜನ ಮೃತಪಟ್ಟರು. ಒಂದೇ ಸೂರಿನಡಿ ವಾಸಿಸಿ ಒಂದೇ ಒಲೆಯ ಅಡುಗೆಯನ್ನು ಉಂಡವರ ನಡುವಿನ ಈ ವ್ಯತ್ಯಾಸವನ್ನು ಬೇರೆ ಕಾರಣಗಳಿಂದ ವಿವರಿಸುವುದು ಕಷ್ಟವಾಗಿತ್ತು.

ಹುಬ್ಬಳ್ಳಿಯ ಅನುಭವ

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯು ಪ್ಲೇಗ್‌ನಿಂದ ತೀವ್ರವಾಗಿ ಬಾಧಿತವಾಯಿತು. ಹತ್ತಿಯ ವ್ಯಾಪಾರ ಹಾಗೂ ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರದಿಂದಾಗಿ ಹುಬ್ಬಳ್ಳಿಯಲ್ಲಿ ಜನಸಂಚಾರ ಹೆಚ್ಚಾಗಿತ್ತು. 1898ರ ಮಳೆಗಾಲದಲ್ಲಿ ಅಲ್ಲಿ ರೋಗವು ಉಲ್ಬಣಗೊಂಡಾಗ, ಊರನ್ನು ಸಂಪೂರ್ಣವಾಗಿ ತೆರವು ಮಾಡಿಸಿ ಜನರನ್ನು ಹೊರಗಿನ ಗುಡಿಸಲುಗಳಿಗೆ ಸಾಗಿಸುವುದು ಸುಲಭಸಾಧ್ಯವಾಗಿರಲಿಲ್ಲ. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಲಸಿಕಾ ಕಾರ್ಯವನ್ನು ಕೈಗೊಳ್ಳಲಾಯಿತು. ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಹೆಚ್ಚು ನಿವಾಸಿಗಳು ಲಸಿಕೆ ಪಡೆದರು; ಅನೇಕರು ಎರಡು ಬಾರಿ ಪಡೆದರು. ಲಸಿಕೆ ಪಡೆದವರು ಮತ್ತು ಪಡೆಯದವರ ಮರಣಗಳನ್ನು ವಾರವಾರವೂ ಪ್ರತ್ಯೇಕವಾಗಿ ಲೆಕ್ಕ ಹಾಕಲಾಯಿತು. ಪಡೆಯದವರಲ್ಲಿ ಮರಣದ ಪ್ರಮಾಣವು ಬಹುಪಾಲು ಅಧಿಕವಾಗಿತ್ತು. ಹಾಫ್‌ಕಿನ್ ಅವರ ಲಸಿಕೆಯನ್ನು ಕುರಿತ ಅಂದಿನ ಚರ್ಚೆಗಳಲ್ಲಿ ಹುಬ್ಬಳ್ಳಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಇಷ್ಟು ದೊಡ್ಡ ಪಟ್ಟಣವೊಂದರ ಬಹುಪಾಲು ಜನರಿಗೆ ರೋಗದ ನಡುವೆಯೇ ಲಸಿಕೆ ನೀಡಿದ ಉದಾಹರಣೆ ಅದಕ್ಕೆ ಮೊದಲು ವಿರಳ.

ಲಸಿಕೆ ಪಡೆದವರಿಗೆ ಪ್ರಮಾಣಪತ್ರವನ್ನು ನೀಡುವ ಪದ್ಧತಿಯೂ ಮುಂಬಯಿ ಪ್ರಾಂತದಲ್ಲಿ ಆಗ ಜಾರಿಗೆ ಬಂದಿತು. ಪ್ರಮಾಣಪತ್ರವುಳ್ಳವರಿಗೆ ಪ್ರಯಾಣ ಮತ್ತು ಪ್ರತ್ಯೇಕತೆಯ ಕೆಲವು ನಿರ್ಬಂಧಗಳಿಂದ ವಿನಾಯಿತಿ ದೊರೆಯುತ್ತಿತ್ತು. ಚುಚ್ಚುಮದ್ದಿನ ಗುಣವನ್ನು ನಂಬದಿದ್ದ ಕೆಲವರು ಈ ಕಾಗದಕ್ಕಾಗಿಯೇ ಸರತಿಯಲ್ಲಿ ನಿಂತಿರಬಹುದು. ಇಂದು ಕೆಲವು ದೇಶಗಳಿಗೆ ಪ್ರಯಾಣ ಮಾಡುವವರು ಹಳದಿ ಜ್ವರದ ಲಸಿಕಾ ಪ್ರಮಾಣಪತ್ರವನ್ನು ಹೊಂದಿರಬೇಕಾದುದು ಇದೇ ಬಗೆಯ ವ್ಯವಸ್ಥೆ.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗ್ ರೈಲುಮಾರ್ಗವಾಗಿ ಬೆಂಗಳೂರನ್ನೂ ತಲುಪಿತು. ಕಿಕ್ಕಿರಿದ ಪೇಟೆಯಿಂದ ಹೊರಗೆ ವಿಶಾಲ ರಸ್ತೆಗಳಿರುವ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆಯಲು ಈ ಪಿಡುಗು ಒಂದು ಮುಖ್ಯ ಕಾರಣವಾಯಿತು. ರೋಗವನ್ನು ದೇವಿಯಾಗಿ ಪೂಜಿಸುವ ಪ್ಲೇಗಮ್ಮನ ಗುಡಿಗಳು ಆ ಕಾಲದ ಭೀತಿಯನ್ನು ಇಂದಿಗೂ ನೆನಪಿಸುತ್ತವೆ.

ಭಾರತ ಸರ್ಕಾರವು ನೇಮಿಸಿದ ಪ್ಲೇಗ್ ಆಯೋಗವು 1898–99ರಲ್ಲಿ ಈ ಎಲ್ಲ ಅಂಕಿ ಅಂಶಗಳನ್ನು ಪರಿಶೀಲಿಸಿತು. ಲಸಿಕೆಯು ಪೂರ್ಣ ರಕ್ಷಣೆ ನೀಡದಿದ್ದರೂ ರೋಗವನ್ನೂ ಮರಣವನ್ನೂ ಗಮನಾರ್ಹವಾಗಿ ತಗ್ಗಿಸುತ್ತದೆಂದು ಅಭಿಪ್ರಾಯಪಟ್ಟಿತು. ಲಸಿಕೆಯ ಬಲವನ್ನು ನಿಖರವಾಗಿ ಅಳೆಯುವ ವಿಧಾನ ಇಲ್ಲವೆಂಬ ಆಕ್ಷೇಪವನ್ನೂ ಎತ್ತಿತು. ಈ ಆಕ್ಷೇಪದಲ್ಲಿ ಹುರುಳಿತ್ತು. 1899ರ ಆಗಸ್ಟ್‌ನಲ್ಲಿ ಮುಂಬಯಿಯ ಪರೇಲ್‌ನಲ್ಲಿರುವ ಹಳೆಯ ಗವರ್ನರ್ ನಿವಾಸದಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯವನ್ನು ಉದ್ಘಾಟಿಸಲಾಯಿತು. ಹಾಫ್‌ಕಿನ್ ಅವರು ಅದರ ಮುಖ್ಯಸ್ಥರಾದರು.

ಮುಲ್ಕೋವಾಲ್ ದುರಂತ ಮತ್ತು ವಿಚಾರಣೆ

1902ರಲ್ಲಿ ಪಂಜಾಬ್ ಪ್ರಾಂತವು ಲಸಿಕಾ ಕಾರ್ಯಕ್ರಮವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಹಮ್ಮಿಕೊಂಡಿತು. ಹಠಾತ್ತಾಗಿ ಏರಿದ ಬೇಡಿಕೆಯನ್ನು ಪೂರೈಸಲು ಪರೇಲ್‌ನಲ್ಲಿ ತಯಾರಿಕೆಯ ವಿಧಾನವನ್ನು ತ್ವರಿತಗೊಳಿಸಲಾಯಿತು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಬಳಕೆಯಲ್ಲಿದ್ದ ಪದ್ಧತಿಯಂತೆ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು, ಶಾಖದಿಂದ ಮಾತ್ರ ಕ್ರಿಮಿಶುದ್ಧಿ ಮಾಡುವ ಕ್ರಮವನ್ನು ಅನುಸರಿಸಲಾಯಿತು.

ಅದೇ ವರ್ಷ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ನೀಡಲಾಯಿತು. ಅವರಲ್ಲಿ 19 ಜನರಿಗೆ ಸುಮಾರು ಒಂದು ವಾರದ ನಂತರ ಧನುರ್ವಾಯು ಕಾಣಿಸಿಕೊಂಡಿತು. 19 ಜನರೂ ಮೃತಪಟ್ಟರು. ಅವರೆಲ್ಲರಿಗೂ ಒಂದೇ ಸೀಸೆಯಿಂದ ಲಸಿಕೆ ನೀಡಲಾಗಿತ್ತು. ಅದೇ ದಿನ ಅಲ್ಲಿಯೇ ಬೇರೆ ಸೀಸೆಗಳಿಂದ ಲಸಿಕೆ ಪಡೆದ 88 ಜನರಿಗೆ ಯಾವ ತೊಂದರೆಯೂ ಆಗಲಿಲ್ಲ.

ಹಾಗಾದರೆ ಧನುರ್ವಾಯು ರೋಗಾಣುವು ಆ ಸೀಸೆಗೆ ಎಲ್ಲಿ ಸೇರಿತು? ಮುಂಬಯಿಯ ಪ್ರಯೋಗಾಲಯದಲ್ಲಿಯೇ, ಅಥವಾ ಗ್ರಾಮದಲ್ಲಿ ಸೀಸೆಯನ್ನು ತೆರೆದಾಗಲೇ? 19 ಕುಟುಂಬಗಳ ದುಃಖದ ಜೊತೆಗೆ ಇಡೀ ಲಸಿಕಾ ಕಾರ್ಯದ ಮೇಲಿನ ಜನರ ನಂಬಿಕೆಯೂ ಈ ಪ್ರಶ್ನೆಗೆ ತಳಕು ಹಾಕಿಕೊಂಡಿತ್ತು. ಸರ್ಕಾರವು ನೇಮಿಸಿದ ವಿಚಾರಣಾ ಆಯೋಗವು ಸೀಸೆಯು ತೆರೆಯುವ ಮೊದಲೇ ಕಲುಷಿತವಾಗಿತ್ತೆಂದು ತೀರ್ಮಾನಿಸಿ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದನ್ನು ದೋಷವೆಂದು ಪರಿಗಣಿಸಿತು. ಹಾಫ್‌ಕಿನ್ ಅವರು ತಮ್ಮ ಸ್ಥಾನವನ್ನು ಕಳೆದುಕೊಂಡು ಲಂಡನ್‌ಗೆ ತೆರಳಬೇಕಾಯಿತು. ವೈದ್ಯ ಪದವಿ ಇಲ್ಲದ, ಹೊರದೇಶದ, ಯಹೂದಿ ವಿಜ್ಞಾನಿಯೊಬ್ಬರು ಉನ್ನತ ಸ್ಥಾನದಲ್ಲಿದ್ದುದನ್ನು ವೈದ್ಯಕೀಯ ಸೇವೆಯ ಕೆಲವು ಅಧಿಕಾರಿಗಳು ಮೊದಲಿನಿಂದಲೂ ಸಹಿಸಿರಲಿಲ್ಲವೆಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಫ್ರಾನ್ಸ್‌ನ ಡ್ರೇಫಸ್ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಇದ್ದಾರೆ.

1906ರ ಕೊನೆಯಲ್ಲಿ ಪ್ರಕರಣದ ದಾಖಲೆಗಳು ಪ್ರಕಟವಾದವು. ಸೀಸೆಯ ಬಿರಡೆಯನ್ನು ತೆಗೆಯುವ ಚಿಮಟವನ್ನು ಸಹಾಯಕರೊಬ್ಬರು ನೆಲಕ್ಕೆ ಬೀಳಿಸಿ, ಅದನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಿದ್ದರೆಂಬ ಸಂಗತಿಯು ಅವುಗಳಲ್ಲಿತ್ತು. ಧನುರ್ವಾಯು ರೋಗಾಣುವಿನ ಬೀಜಕಗಳು ಇರುವುದೇ ಮಣ್ಣಿನಲ್ಲಿ. ಇಷ್ಟರಿಂದ ಅವು ಸಾಯುವುದಿಲ್ಲ. ಮಲೇರಿಯಾ ಸಂಶೋಧನೆಗಾಗಿ 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಿದ್ದ, ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ ಅವರು ಈ ವಿಷಯವನ್ನು ಕೈಗೆತ್ತಿಕೊಂಡರು. ಅವರ ವಾದವು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಗಮನಿಸಬೇಕಾದಂತಹುದು. ಮುಂಬಯಿಯಲ್ಲಿಯೇ ರೋಗಾಣು ಸೇರಿ ವಾರಗಟ್ಟಲೆ ಬೆಳೆದಿದ್ದರೆ ಸೀಸೆಯಲ್ಲಿ ದುರ್ವಾಸನೆ ಇರಬೇಕಾಗಿತ್ತು. ತೆರೆದ ವೈದ್ಯರಿಗೆ ಅಂತಹ ವಾಸನೆ ಬರಲಿಲ್ಲ. ಅಲ್ಲದೆ ವಿಷವು ದ್ರಾವಣದಲ್ಲಿ ಮೊದಲೇ ತುಂಬಿಕೊಂಡಿದ್ದರೆ ರೋಗಲಕ್ಷಣಗಳು ಬೇಗನೆ ಕಾಣಿಸಿಕೊಳ್ಳಬೇಕಾಗಿತ್ತು. ಒಂದು ವಾರದ ವಿಳಂಬವು ಆಗತಾನೇ ಸೇರಿದ ರೋಗಾಣುವನ್ನು ಸೂಚಿಸುತ್ತದೆ.

1907ರ ಜುಲೈ 29ರಂದು ರಾಸ್ ಮತ್ತು ಇತರ ಪ್ರಮುಖ ಸೂಕ್ಷ್ಮಜೀವಿ ವಿಜ್ಞಾನಿಗಳು ಸಹಿ ಮಾಡಿದ ಪತ್ರವು ಲಂಡನ್‌ನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷಯವು ಬ್ರಿಟಿಷ್ ಸಂಸತ್ತಿನಲ್ಲಿಯೂ ಪ್ರಸ್ತಾಪವಾಯಿತು. ಅದೇ ವರ್ಷ ಹಾಫ್‌ಕಿನ್ ಅವರನ್ನು ಮತ್ತೆ ಸೇವೆಗೆ ಆಹ್ವಾನಿಸಲಾಯಿತು.

ಕೊನೆಯ ವರ್ಷಗಳು

ಮರಳಿ ಬಂದ ಹಾಫ್‌ಕಿನ್ ಅವರಿಗೆ ತಾವೇ ಕಟ್ಟಿ ಬೆಳೆಸಿದ ಮುಂಬಯಿಯ ಪ್ರಯೋಗಾಲಯದ ನಿರ್ದೇಶಕ ಹುದ್ದೆ ದೊರೆಯಲಿಲ್ಲ. ಅಲ್ಲಿ ಬೇರೊಬ್ಬರು ನೇಮಕವಾಗಿದ್ದರು. ಕಲ್ಕತ್ತಾದಲ್ಲಿ ಕೆಲಸ ನೀಡಲಾಯಿತಾದರೂ ಜನರ ಮೇಲೆ ಹೊಸ ಲಸಿಕೆಗಳ ಪರೀಕ್ಷೆ ನಡೆಸಲು ಅವಕಾಶ ನೀಡಲಿಲ್ಲ. ಹೀಗಾಗಿ ಅವರ ಜೀವನದ ಅತ್ಯಂತ ಫಲಪ್ರದವಾಗಬಹುದಾಗಿದ್ದ ವರ್ಷಗಳು ಹೆಚ್ಚಿನ ಸಾಧನೆಯಿಲ್ಲದೆ ಕಳೆದವು. ಸುಮಾರು 55ನೆಯ ವಯಸ್ಸಿನಲ್ಲಿ ನಿವೃತ್ತರಾಗಿ ಅವರು ಯುರೋಪಿಗೆ ಹಿಂದಿರುಗಿದರು. ವಿವಾಹವಾಗಿರಲಿಲ್ಲ. ಧಾರ್ಮಿಕ ಆಚರಣೆಗಳಲ್ಲಿ ಹೆಚ್ಚು ನಿಷ್ಠೆಯನ್ನು ಬೆಳೆಸಿಕೊಂಡ ಅವರು ತಮ್ಮ ಉಳಿತಾಯವನ್ನು ಯಹೂದಿ ವಿದ್ಯಾಲಯಗಳ ನೆರವಿಗಾಗಿ ಸ್ಥಾಪಿಸಿದ ನಿಧಿಗೆ ನೀಡಿದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು.

ಅವರು ಜೀವಿಸಿದ್ದಾಗಲೇ, 1925ರಲ್ಲಿ, ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಮರುನಾಮಕರಣ ಮಾಡಲಾಯಿತು. 1897ರಿಂದ ಆ ವರ್ಷದವರೆಗೆ ಮುಂಬಯಿಯಿಂದ ರವಾನೆಯಾದ ಪ್ಲೇಗ್ ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಡೋಸ್. ಭಾರತ ಸರ್ಕಾರದ ಅಂಚೆ ಇಲಾಖೆಯು 1964ರಲ್ಲಿ ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಪ್ಲೇಗ್ ಕುರಿತು ನಾಗರಿಕರ ಗಮನಕ್ಕೆ

ಸ್ಟ್ರೆಪ್ಟೊಮೈಸಿನ್ ಮೊದಲಾದ ಪ್ರತಿಜೈವಿಕ ಔಷಧಗಳು ಬಂದ ನಂತರ ಪ್ಲೇಗ್ ಗುಣಪಡಿಸಬಹುದಾದ ರೋಗವಾಗಿದೆ. ಆದ್ದರಿಂದ ಹಾಫ್‌ಕಿನ್ ಅವರ ಲಸಿಕೆಯು ಈಗ ಬಳಕೆಯಲ್ಲಿಲ್ಲ. ಪ್ಲೇಗ್ ಲಸಿಕೆಯು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಯೂ ಸೇರಿರುವುದಿಲ್ಲ. ಇದಕ್ಕಾಗಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆ ಮತ್ತು ಗುಜರಾತಿನ ಸೂರತ್ ನಗರದಲ್ಲಿ ರೋಗವು ಕಾಣಿಸಿಕೊಂಡುದನ್ನು ಗಮನಿಸಿದರೆ, ಅದು ಸಂಪೂರ್ಣವಾಗಿ ಇಲ್ಲವಾಗಿದೆಯೆಂದು ಭಾವಿಸುವಂತಿಲ್ಲ. ಮನೆ, ಗೋದಾಮು ಅಥವಾ ಹೊಲಗಳಲ್ಲಿ ಕಾರಣವಿಲ್ಲದೆ ಇಲಿಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತು ಬೀಳುತ್ತಿದ್ದರೆ ಅವುಗಳನ್ನು ಬರಿಗೈಯಿಂದ ಮುಟ್ಟದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸತಕ್ಕದ್ದು. ತೀವ್ರ ಜ್ವರದೊಂದಿಗೆ ತೊಡೆಯ ಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ನೋವಿನ ಗಡ್ಡೆ ಕಾಣಿಸಿಕೊಂಡವರು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.